ಎಡಗೈ

ಹುಡುಗ ಕೇಳುತ್ತಾನೆ, ಬೆಲ್ಟು ಬಿಗಿಯುತ್ತಾ:
"ಸರ್, ಇದೆಲ್ಲಾ ರೋಡಲ್ಲಿ ನಡೆಯುತ್ತಾ?"
ವಿನೋಬನಗರದ ಈ ಹಾಲಿನಲ್ಲಿ
ವರ್ಷಕ್ಕೊಬ್ಬನಾದರೂ ಕೇಳುತ್ತಾನೆ.
ನಾನು ಸೀಟಿ ಊದಿ
ಹತ್ತು ಸುತ್ತು ಓಡು ಅನ್ನುತ್ತೇನೆ.

ನಡೆಯುತ್ತೆ.
ನಡೆದದ್ದು ಸಾಗರ ರಸ್ತೆಯ ಬಂಕಿನಲ್ಲಿ,
ರಾತ್ರಿ ಪಾಳಿ, ಹನ್ನೆರಡೂವರೆ,
ಎರಡನೇ ಪಂಪಿನ ಪಕ್ಕ.
ನೂರಾ ಹತ್ತು ರೂಪಾಯಿ ಬಾಕಿ,
ಜಗಳ ಅಂದರೆ ಇಷ್ಟೇ.
ಹಾಲೇಶ ಕುಡಿದಿದ್ದ.
ನನ್ನ ಕಾಲರಿನಲ್ಲಿ ಅವನ ಕೈ,
ನನ್ನ ಮೈಯಲ್ಲಿ ಆರು ವರ್ಷದ ಅಭ್ಯಾಸ,
ಮನೆಯ ಮೊಳೆಗೆ ತೂಗಿದ ಒಂದು ಕಂಚಿನ ಪದಕ.

ಯೋಚಿಸಲಿಲ್ಲ. ಯೋಚಿಸುವಷ್ಟು ಹೊತ್ತು ಸಿಕ್ಕರೆ
ಅದೇನು ಪಟ್ಟು?
ತಿರುಗಿದೆ, ಮಂಡಿ ಮಡಿಸಿದೆ,
ನನ್ನ ಸೊಂಟ ಅವನ ಸೊಂಟದ ಕೆಳಗೆ ಹೋಯಿತು,
ಎಂಬತ್ತು ಕಿಲೋ ಮನುಷ್ಯ
ತೂಕವೇ ಇಲ್ಲದವನ ಹಾಗೆ
ಒಂದು ಗಳಿಗೆ ಬೆನ್ನ ಮೇಲೆ ಕೂತಿದ್ದ.
ಸತ್ಯ ಹೇಳಬೇಕೆಂದರೆ
ಅಷ್ಟು ಚೆಂದದ ಸೆಯೋಯ್ ನಾಗೆ
ಅದಕ್ಕೆ ಮೊದಲು ಹಾಕಿರಲಿಲ್ಲ, ಆಮೇಲೂ ಇಲ್ಲ.
ರೆಫರಿ ಇದ್ದಿದ್ದರೆ ಕೈ ಎತ್ತುತ್ತಿದ್ದ.

ಲಾರೆನ್ಸ್ ಮಾಸ್ಟರ್ ಹೇಳುತ್ತಿದ್ದರು:
ಬಲಗೈ ಎಸೆಯೋದಕ್ಕೆ, ಎಡಗೈ ಉಳಿಸೋದಕ್ಕೆ.
ಬೀಳುವವನ ತೋಳು ಹಿಡಿದು ಮೇಲಕ್ಕೆ ಎಳಿ,
ತಲೆ ನೆಲ ಮುಟ್ಟಬಾರದು.
"ಎಡಗೈ ಬಿಟ್ಟರೆ ಅದು ಹಮಾಲಿ ಕೆಲಸ,
ಮೂಟೆ ಇಳಿಸಿದ ಕೂಲಿ ಇಸ್ಕೋ."

ಬಿಡಲಿಲ್ಲ ನಾನು.
ಈಗಲೂ ಹೇಳುತ್ತೇನೆ, ಬಿಡಲಿಲ್ಲ.
ಪೊಲೀಸರಿಗೂ ಹೇಳಿದೆ, ಅವರು ಬರೆದುಕೊಳ್ಳಲಿಲ್ಲ.
ಜೂಡೊ ಅಂಗಿ ಗೋಣಿಯ ಹಾಗೆ ದಪ್ಪ,
ಎತ್ತು ಕಟ್ಟಿದರೂ ತಡೆಯುತ್ತೆ.
ಹಾಲೇಶನದು ಗಾಂಧಿ ಬಜಾರಿನಲ್ಲಿ ಹಬ್ಬಕ್ಕೆ ಕೊಂಡ
ತೆಳ್ಳನೆ ಟೆರಿಕಾಟು.
ತೋಳು ನನ್ನ ಕೈಯಲ್ಲಿ ಉಳಿಯಿತು,
ಗುಂಡಿ ಸಮೇತ.
ಅವನು ಹೋದ.

ಮ್ಯಾಟಿನ ಮೇಲೆ ಬಿದ್ದರೆ ಸದ್ದು ದೊಡ್ಡದು, ನೋವು ಸಣ್ಣದು.
ಅಲ್ಲಿ ಸದ್ದು ಸಣ್ಣದು.
ಯಾರೋ ಎಳನೀರು ಕೆಳಗಿಟ್ಟ ಹಾಗೆ.

ಗರಡಿ ಮನೆಯ ಅಜ್ಜಂದಿರು ಮಟ್ಟಿಯ ಮಣ್ಣಿಗೆ
ಎಣ್ಣೆ, ಮಜ್ಜಿಗೆ, ಅರಿಶಿನ ಬೆರೆಸುತ್ತಿದ್ದರಂತೆ,
ಬಿದ್ದವನನ್ನು ನೆಲವೇ ಹಿಡಿದುಕೊಳ್ಳಲಿ ಅಂತ.
ಬಂಕಿನ ಕಾಂಕ್ರೀಟಿಗೂ ಎಣ್ಣೆ ಕುಡಿಸಿದ್ದೆವು,
ಹದಿನೈದು ವರ್ಷದ ಡೀಸೆಲ್ಲು.
ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತಾರಲ್ಲ,
ಹಾಲೇಶನ ಮೀಸೆ ನಿಜಕ್ಕೂ ಮಣ್ಣಾಗಿರಲಿಲ್ಲ.
ಮಣ್ಣೆಲ್ಲಿತ್ತು ಅಲ್ಲಿ?
ಕಿವಿಯಿಂದ ಒಂದು ಗೆರೆ ಇಳಿದು
ಮೋರಿಯ ಜಾಲರಿ ಹುಡುಕುತ್ತಿತ್ತು.

ಮೆಗ್ಗಾನ್ ಆಸ್ಪತ್ರೆಯ ಬೆಂಚಿನ ಮೇಲೆ ಮೂರು ರಾತ್ರಿ.
ಹರಿದ ತೋಳು ಜೇಬಿನಲ್ಲೇ ಇತ್ತು.
ಅವನ ಹೆಂಡತಿ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟಳು,
ನಾನು ಅವನನ್ನು ಎತ್ತಿ ತಂದವನು ಅಂತಷ್ಟೇ
ಗೊತ್ತಿತ್ತು ಅವಳಿಗೆ.
ಕುಡಿದೆ.
ಎರಡನೇ ಲೋಟವನ್ನೂ ಕುಡಿದೆ.

ಬದುಕಿದ.
ಮೂಗಿಗೆ ವಾಸನೆ ಮಾತ್ರ ತಿರುಗಿ ಬರಲಿಲ್ಲ.
ಮೀನು ಮಾರ್ಕೆಟ್ಟಿನಲ್ಲಿ ಐಸು ಪೆಟ್ಟಿಗೆ ಇಳಿಸುತ್ತಾನೆ ಈಗ.
"ನನ್ನ ಕೆಲಸಕ್ಕೆ ನೀನು ಮಾಡಿದ್ದೇ ಒಳ್ಳೇದಾಯ್ತು ಮಾರಾಯ"
ಅಂತ ಕಂಡಾಗಲೆಲ್ಲ ನಗುತ್ತಾನೆ.
ಒಮ್ಮೆ ಮಾತ್ರ, ನಗದೆ,
ಮಗು ಹುಟ್ಟಿದ ವಾರ,
ನೆತ್ತಿ ಮೂಸಿದರೂ ಏನೂ ಸಿಗೋದಿಲ್ಲ ಅಂದ.

ಹುಡುಗ ಹತ್ತು ಸುತ್ತು ಮುಗಿಸಿ ಬಂದಿದ್ದಾನೆ, ಏದುಸಿರು.
ಅವನಿಗೆ ಇನ್ನೂ ಉತ್ತರ ಬೇಕು.
ಇವತ್ತೂ ಬೀಳೋದೇ ಪಾಠ ಅನ್ನುತ್ತೇನೆ.
ಗದ್ದ ಎದೆಗೆ. ಅಂಗೈ ಚಪ್ಪಟೆ. ಬಡಿ.
ಕೆಳಗಿನ ಸಹಕಾರಿ ಬ್ಯಾಂಕಿನ ಮ್ಯಾನೇಜರು
ಸೂರು ಉದುರುತ್ತೆ ಅಂತ ಮತ್ತೆ ದೂರು ಬರೆದಿದ್ದಾರೆ.
ಇಪ್ಪತ್ತೆರಡು ಮಕ್ಕಳು, ನಲವತ್ತನಾಲ್ಕು ಅಂಗೈ.
ಕೇಳಿಸಲಿಲ್ಲ ಅನ್ನುತ್ತೇನೆ.
ಇನ್ನೊಮ್ಮೆ.